ಹಳೆಯ ಫೋರ್ಡ್ ಬಂಡಿಯ ಜೀರ್ಣೋದ್ಧಾರ

ಮೋಟಾರು ಬಂಡಿಯ ಚರಿತ್ರೆಯನ್ನು ಹೇಳತಕ್ಕವರು ಸಾಮಾನ್ಯವಾಗಿ ಅದನ್ನು ನಿರ್ಮಿಸಿದವರ ಚರಿತ್ರೆಯನ್ನು ಹೇಳಿ ಮುಗಿಸುತ್ತಾರೆ. ಇಂಥವನು ಇಂಥ ಇಸವಿಯಲ್ಲಿ ಇಂಥ ಯಂತ್ರವನ್ನು ಕಲ್ಪಿಸಿದನು, ಇಷ್ಟು ಬಂಡಿಗಳನ್ನು ಮಾರಿದನು, ಇಷ್ಟು ಹಣವನ್ನು ಗಳಿಸಿದನು ಎಂಬಲ್ಲಿಗೆ ಕಥೆ ತೀರುತ್ತದೆ. ಕಾರ್ಖಾನೆಯ ಬಾಗಿಲನ್ನು ದಾಟಿದ ಬಂಡಿಯ ಮುಂದಿನ ಗತಿ ಏನಾಯಿತು, ಕೊಂಡವನು ಅದನ್ನು ಹೇಗೆ ಬಾಳಿಸಿದನು, ಕೆಟ್ಟಾಗ ಯಾರು ಸರಿಮಾಡಿದರು, ಕಡೆಗೆ ಅದು ಗುಜರಿಗೆ ಹೋಯಿತೋ ಕೊಟ್ಟಿಗೆಯ ಮೂಲೆಯಲ್ಲಿ ಕೋಳಿಗಳಿಗೆ ಗೂಡಾಯಿತೋ ಎಂದು ಕೇಳುವವರು ಕಡಮೆ. ದೇವಸ್ಥಾನವನ್ನು ಕಟ್ಟಿಸಿದ ಅರಸನ ಹೆಸರು ಶಾಸನದಲ್ಲಿರುತ್ತದೆ. ಮಳೆಗಾಲ ಕಳೆದ ಮೇಲೆ ಅದರ ಶಿಖರವನ್ನೇರಿ, ಸಂದುಗಳಲ್ಲಿ ಬೇರುಬಿಟ್ಟ ಅರಳಿಯ ಸಸಿಗಳನ್ನು ಕಿತ್ತುಹಾಕಿದವರ ಹೆಸರು ಎಲ್ಲಿಯೂ ಇರುವುದಿಲ್ಲ. ದೇವಸ್ಥಾನವು ನಿಂತಿರುವುದು ಈ ಇಬ್ಬರಿಂದಲೂ.

ಈ ಸಂಜೆ ನಾವು ಹೇಳಹೊರಟಿರುವುದು ಎರಡನೆಯ ವರ್ಗದವರ ಚರಿತ್ರೆಯನ್ನು. ಅದಕ್ಕೆ ಆರಿಸಿಕೊಂಡಿರುವ ಉದಾಹರಣೆ ಫೋರ್ಡ್ ಕಂಪೆನಿಯ ಟಿ ಮಾದರಿಯ ಬಂಡಿ. ಇದಕ್ಕೆ ಕಾರಣ ನಮ್ಮ ಪಾಂಡಿತ್ಯವೇನೂ ಅಲ್ಲ. ಆ ಮಾದರಿಯ ಬಂಡಿಯೊಂದು ನಮ್ಮ ವಶದಲ್ಲಿದ್ದು, ಅದರ ಸೇವೆಯಲ್ಲಿ ನಮ್ಮ ಭಾನುವಾರಗಳು ಬಹಳವಾಗಿ ವೆಚ್ಚವಾಗಿವೆ; ಅಷ್ಟೆ.

ಬಂಡಿಯ ಹುಟ್ಟಿನ ವಿಷಯವನ್ನು ಬೇಗನೆ ಹೇಳಿ ಮುಂದಕ್ಕೆ ಹೋಗುವೆವು. ಅಮೆರಿಕಾ ಸಂಯುಕ್ತ ಸಂಸ್ಥಾನದ ಡೆಟ್ರಾಯಿಟ್ ನಗರದಲ್ಲಿ ೧೯೦೮ನೆಯ ಇಸವಿಯ ಅಕ್ಟೋಬರಿನಲ್ಲಿ ಇದನ್ನು ಸಾರ್ವಜನಿಕರ ಮುಂದಿಟ್ಟರು. ಕ್ರಯ ೮೫೦ ಡಾಲರು. ಹೆನ್ರಿ ಫೋರ್ಡನೊಡನೆ ಇದನ್ನು ರೂಪಿಸಿದವರಲ್ಲಿ ಚೈಲ್ಡ್ ಹೆರಾಲ್ಡ್ ವಿಲ್ಸ್ ಎಂಬವನೂ ಹಂಗೆರಿ ದೇಶದಿಂದ ಬಂದು ನೆಲಸಿದ್ದ ಜೋಸೆಫ್ ಗಲಾಂಬ್ ಎಂಬವನೂ ಮುಖ್ಯರು. ನಾಲ್ಕು ಸಿಲಿಂಡರುಗಳ, ೨೦ ಅಶ್ವಶಕ್ತಿಯ ಯಂತ್ರ. ವೇಗ ಗಂಟೆಗೆ ೪೦ ಮೈಲಿ, ಇಲ್ಲವೆ ಅದಕ್ಕಿಂತ ತುಸು ಹೆಚ್ಚು. ೧೯೧೩ರಲ್ಲಿ ಹೈಲೆಂಡ್ ಪಾರ್ಕ್ ಕಾರ್ಖಾನೆಯಲ್ಲಿ ಬಂಡಿಯೇ ಕೆಲಸಗಾರರ ಮುಂದೆ ಸಾಲಾಗಿ ಚಲಿಸಿಬರುವ ಏರ್ಪಾಡನ್ನು ಮಾಡಿದ ಮೇಲೆ, ೧೨ ಗಂಟೆಗೂ ಮೀರಿ ಹಿಡಿಯುತ್ತಿದ್ದ ಜೋಡಣೆಯ ಕೆಲಸವು ಮರುವರ್ಷ ೯೩ ನಿಮಿಷಕ್ಕೆ ಇಳಿಯಿತು. ೧೯೨೫ರ ಹೊತ್ತಿಗೆ ಇಬ್ಬರು ಕೂರುವ ಬಂಡಿಯು ೨೬೦ ಡಾಲರಿಗೆ ದೊರೆಯುತ್ತಿತ್ತು. ೧೯೨೭ನೆಯ ಮೇ ೨೬ನೆಯ ತಾರೀಖು ಒಂದೂವರೆ ಕೋಟಿಯನೆಯ ಬಂಡಿಯು ಹೊರಬಂದಿತು. ಆ ಮಾದರಿಯ ನಿರ್ಮಾಣವೂ ಅದರೊಡನೆ ನಿಂತಿತು. ಚರಿತ್ರೆಯ ಪುಸ್ತಕಗಳಲ್ಲಿ ಕಥೆ ಮುಗಿಯುವುದು ಇಲ್ಲಿಗೆ. ನಮಗೆ ಬೇಕಾದ ಕಥೆ ಇಲ್ಲಿಂದ ಹಿಂದಕ್ಕೂ ಮುಂದಕ್ಕೂ ಹರಡಿಕೊಂಡಿದೆ.

ಈ ಬಂಡಿಯನ್ನು ಕೊಂಡವರಲ್ಲಿ ಬಹುಮಂದಿ ಹಳ್ಳಿಗಾಡಿನ ರೈತರು. ಹತ್ತಿರದ ಪಟ್ಟಣ ಇಪ್ಪತ್ತು ಮೈಲಿ ದೂರ, ದಾರಿಯೋ ಕೆಸರು. ಅಂಥಲ್ಲಿ ಬಂಡಿಯು ಕೆಟ್ಟುನಿಂತರೆ ಒಡೆಯನೇ ಕೈಹಾಕಬೇಕಲ್ಲದೆ ಬೇರೆ ದಾರಿಯಿರಲಿಲ್ಲ. ನಿರ್ಮಿಸಿದವರು ಇದನ್ನು ಮೊದಲೇ ಬಲ್ಲವರಾಗಿದ್ದರು. ನಾಲ್ಕು ಸಿಲಿಂಡರುಗಳನ್ನೂ ಒಂದೇ ಎರಕದಲ್ಲಿ ಹೊಯ್ದು, ಅದರ ತಲೆಯನ್ನು ಮಾತ್ರ ಪ್ರತ್ಯೇಕವಾಗಿ ಬೋಲ್ಟುಗಳಿಂದ ಬಿಗಿದರು. ಇದೇನು ದೊಡ್ಡ ಮಾತೆಂದು ಈಗ ತೋರಬಹುದು. ಆದರೆ ಆ ಕಾಲದ ಅನೇಕ ಬಂಡಿಗಳಲ್ಲಿ ತಲೆಯೂ ಸಿಲಿಂಡರೂ ಒಂದೇ ಎರಕವಾಗಿರುತ್ತಿದ್ದುವು; ಒಳಗೆ ಕಟ್ಟಿದ ಮಸಿಯನ್ನು ಕೆರೆಯಬೇಕಾದರೆ ಯಂತ್ರವನ್ನೇ ಬಿಚ್ಚಿ ಹರಡಬೇಕಾಗುತ್ತಿತ್ತು. ಫೋರ್ಡ್ ಬಂಡಿಯಲ್ಲಾದರೋ ರೈತನು ಹುಣಿಸೆಮರದಡಿಯಂಥ ಯಾವುದೋ ಮರದ ನೆರಳಿನಲ್ಲಿ ಬಂಡಿಯನ್ನು ನಿಲ್ಲಿಸಿಕೊಂಡು, ಒಂದು ಮಧ್ಯಾಹ್ನದಲ್ಲಿ ತಲೆಯನ್ನು ತೆಗೆದು, ಮಸಿಯನ್ನು ಕೆರೆದು, ವಾಲ್ವುಗಳನ್ನು ಅರೆದು ಕೂರಿಸಿ, ಸಂಜೆಗೆ ಹಾಲು ಕರೆಯುವ ಹೊತ್ತಿಗೆ ಮನೆಗೆ ಹೋಗಬಹುದಾಗಿತ್ತು. ಬಂಡಿಯೊಡನೆ ಕೊಡುತ್ತಿದ್ದ ಕೈಪಿಡಿಯು ಪ್ರಶ್ನೋತ್ತರ ರೂಪದಲ್ಲಿತ್ತು. ಹೊರಡುವ ಮುನ್ನ ಮಾಡತಕ್ಕದ್ದೇನು ಎಂಬಲ್ಲಿಂದ ಹಿಡಿದು, ಯಂತ್ರದೊಳಗೆ ತಟ್ಟುವ ಸದ್ದಿಗೆ ಕಾರಣವೇನು ಎಂಬ ಬಗೆಯ ಸಂಗತಿಗಳವರೆಗೆ ಒಡೆಯನು ಕೇಳುವಂತೆ ಪ್ರಶ್ನೆ, ಬಲ್ಲವನು ಹೇಳುವಂತೆ ಉತ್ತರ. ನಮ್ಮ ಪುರಾಣಗಳಲ್ಲಿ ಜನಮೇಜಯನು ಕೇಳಿದಂತೆಯೂ ವೈಶಂಪಾಯನನು ಹೇಳಿದಂತೆಯೂ ಇರುವ ಈ ಕ್ರಮವನ್ನು ನಾವು ಓದಿದಾಗ ನಮಗೆ ಬಹಳ ಸಂತೋಷವಾಯಿತು.

ಸುಲಭವಾಗಿ ಸರಿಮಾಡಬಹುದಾದ ಬಂಡಿ ಎಂದೆವು. ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು: ಅದನ್ನು ನಿತ್ಯವೂ ಸರಿಮಾಡುತ್ತಲೇ ಇರಬೇಕಾಗಿತ್ತು. ಪೆಟ್ರೋಲಿನ ತೊಟ್ಟಿಯು ಮುಂದಿನ ಆಸನದ ಕೆಳಗೆ. ಎಷ್ಟಿದೆಯೆಂದು ತಿಳಿಯಲು ಕೂತವರನ್ನು ಎಬ್ಬಿಸಿ, ಮೆತ್ತೆಯನ್ನೆತ್ತಿ, ಮರದ ಕಡ್ಡಿಯನ್ನು ಇಳಿಬಿಟ್ಟು ನೋಡಬೇಕು. ಪೆಟ್ರೋಲು ಯಂತ್ರಕ್ಕೆ ಹರಿಯುವುದು ತನ್ನ ಭಾರದಿಂದಲೇ ಆದುದರಿಂದ, ತೊಟ್ಟಿ ಬರಿದಾಗುತ್ತ ಬಂದಾಗ ಕಡಿದಾದ ಏರು ಸಿಕ್ಕಿದರೆ ಯಂತ್ರವು ಹಸಿದು ನಿಲ್ಲುತ್ತಿತ್ತು. ಆಗ ಬಂಡಿಯನ್ನು ಹಿಂದುಮುಂದಾಗಿ ತಿರುಗಿಸಿಕೊಂಡು ಬೆನ್ನುಮುಖವಾಗಿ ಗುಡ್ಡವನ್ನೇರುತ್ತಿದ್ದರು. ಎಣ್ಣೆಯ ಮಟ್ಟವನ್ನು ನೋಡಲು ಬಂಡಿಯ ಕೆಳಗೆ ತೆವಳಿಕೊಂಡು ಹೋಗಿ, ಫ್ಲೈವೀಲಿನ ಕವಚದಲ್ಲಿರುವ ಎರಡು ಚಿಕ್ಕ ನಲ್ಲಿಗಳನ್ನು ಬಿಚ್ಚಬೇಕು. ಮೇಲಣ ನಲ್ಲಿಯಲ್ಲಿ ಎಣ್ಣೆ ಸುರಿದರೆ ಕ್ಷೇಮ. ಕೆಳಗಣದರಲ್ಲಿಯೂ ಬಾರದಿದ್ದರೆ ಬಂಡಿಯನ್ನು ಒಂದು ಗಜವೂ ಕದಲಿಸಬಾರದು. ಮೇಲಣದರಲ್ಲಿ ಎಣ್ಣೆಯಿದ್ದರೆ ಅದು ಬಿಚ್ಚಿದವನ ತೋಳಿನೊಳಕ್ಕೆ ಹರಿಯುವುದು ಖಂಡಿತ. ಇದನ್ನು ನಾವು ಅನುಭವದಿಂದ ಹೇಳುತ್ತಿದ್ದೇವೆ.

ಎಲ್ಲಕ್ಕಿಂತ ಮಿಗಿಲಾದದ್ದು ಹ್ಯಾಂಡಲ್ ಹೊಡೆಯುವುದು. ಚಕ್ರದ ಕೆಳಗೆ ಎಡಗಡೆಯಲ್ಲಿ ಕಿಡಿಯ ಕಾಲವನ್ನು ಹಿಂದುಮುಂದು ಮಾಡುವ ಸನ್ನೆಯೊಂದಿದೆ. ಅದನ್ನು ಹಿಂದಕ್ಕೆ ಸರಿಸದೆ ಹ್ಯಾಂಡಲ್ ಹೊಡೆದರೆ ಯಂತ್ರವು ಹಿಮ್ಮುಖವಾಗಿ ಒದೆಯುತ್ತದೆ. ಹೀಗೆ ಮಣಿಕಟ್ಟು ಮುರಿದುಕೊಂಡವರ ಸಂಖ್ಯೆ ಆ ದೇಶದಲ್ಲಿ ಸ್ವಲ್ಪವಲ್ಲ. ಹೆಬ್ಬೆರಳನ್ನು ಉಳಿದ ಬೆರಳುಗಳ ಮಗ್ಗುಲಲ್ಲಿಯೇ ಇಟ್ಟು ಹಿಡಿಯಬೇಕೆಂದೂ, ಕೆಳಕ್ಕೆ ಅದುಮದೆ ಮೇಲಕ್ಕೆ ಸೆಳೆಯಬೇಕೆಂದೂ ತಂದೆಯು ಮಗನಿಗೆ ಹೇಳಿಕೊಡುತ್ತಿದ್ದನು. ಚಳಿಗಾಲದಲ್ಲಿ ಎಣ್ಣೆಯು ಗಟ್ಟಿಯಾಗಿ ಗೇರಿನ ಫಲಕಗಳು ಒಂದಕ್ಕೊಂದು ಅಂಟಿಕೊಳ್ಳುವುದರಿಂದ, ಯಂತ್ರವು ಎದ್ದ ಕೂಡಲೆ ಬಂಡಿಯು ತನ್ನನ್ನು ಎಬ್ಬಿಸಿದವನ ಮೇಲೆಯೇ ನಡೆದುಬರುತ್ತಿತ್ತು. ಹಿಂದಿನ ಗಾಲಿಯೊಂದನ್ನು ಜಾಕಿನ ಮೇಲೆತ್ತಿ ಹ್ಯಾಂಡಲ್ ಹೊಡೆಯುವುದು ಇದಕ್ಕೆ ಕಂಡುಕೊಂಡ ಉಪಾಯ. ವಿದ್ಯುತ್ತಿನಿಂದ ಯಂತ್ರವನ್ನೆಬ್ಬಿಸುವ ಸಾಧನವನ್ನು ಕ್ಯಾಡಿಲಾಕ್ ಬಂಡಿಯವರು ೧೯೧೨ರಲ್ಲಿಯೇ ಅಳವಡಿಸಿದ್ದರು. ಫೋರ್ಡ್ ಬಂಡಿಗೆ ಅದು ಬಂದದ್ದು ೧೯೧೯ರಲ್ಲಿ.

ಗೇರುಗಳ ಏರ್ಪಾಡು ಇನ್ನೂ ವಿಚಿತ್ರ. ಇದರಲ್ಲಿ ಈಗಿನಂತೆ ಸನ್ನೆಯಿಂದ ಗೇರು ಬದಲಾಯಿಸುವ ಕ್ರಮವಿಲ್ಲ. ಮೂರು ಪೆಡಲುಗಳು: ಎಡಗಡೆಯದನ್ನು ಪೂರ್ತಿಯಾಗಿ ತುಳಿದರೆ ನಿಧಾನದ ಗತಿ, ಅರ್ಧಕ್ಕೆ ಬಿಟ್ಟರೆ ನಿರ್ಗತಿ, ಪೂರ್ತಿ ಬಿಟ್ಟರೆ ವೇಗದ ಗತಿ, ನಡುವಿನದು ಹಿಂದಕ್ಕೆ ಹೋಗಲು, ಬಲಗಡೆಯದು ಬ್ರೇಕು. ಪ್ರತಿಯೊಂದು ಪೆಡಲೂ ಗೇರುಪೆಟ್ಟಿಗೆಯೊಳಗೆ ತಿರುಗುವ ಒಂದೊಂದು ಡೋಲನ್ನು ಒಂದೊಂದು ಪಟ್ಟಿಯಿಂದ ಬಿಗಿಯುತ್ತದೆ. ಈ ಪಟ್ಟಿಗಳಿಗೆ ಹತ್ತಿಯ ದಪ್ಪ ನೇಯ್ಗೆಯ ಒಳಹಾಸು. ಅದು ಸವೆಯುತ್ತದೆ, ಅದರ ಎಳೆಗಳು ಎಣ್ಣೆಯಲ್ಲಿ ಸೇರಿ ಎಣ್ಣೆಯ ನಾಳವನ್ನು ಮುಚ್ಚುತ್ತವೆ, ಆದಕಾರಣ ಪಟ್ಟಿಗಳನ್ನು ಆಗಾಗ್ಗೆ ಬಿಗಿಮಾಡುತ್ತಲೂ ಕಾಲಕಾಲಕ್ಕೆ ಹಾಸನ್ನು ಬದಲಾಯಿಸುತ್ತಲೂ ಇರಬೇಕು. ಈ ಕೆಲಸ ಮಾಡುವಾಗ ಒಂದು ನಟ್ಟು ಕೈಜಾರಿ ಗೇರುಪೆಟ್ಟಿಗೆಯ ತಳಕ್ಕೆ ಬಿದ್ದಿತೋ, ಆ ದಿನದ ಊಟ ತಪ್ಪಿದಂತೆಯೇ. ಹಳಬರು ನಟ್ಟಿಗೆ ದಾರ ಕಟ್ಟಿ ಇಳಿಬಿಡುತ್ತಿದ್ದರು. ಸಂದುಗಳಿಗೆ ಬಟ್ಟೆ ತುರುಕುತ್ತಿದ್ದರು. ಶತಮಾನ ಕಳೆದರೂ ಇದಕ್ಕಿಂತ ಮೇಲಾದ ಉಪಾಯ ಹುಟ್ಟಿದಂತಿಲ್ಲ. ನಮ್ಮ ಮನೆಯಲ್ಲಿ ಇದಕ್ಕಾಗಿಯೇ ಹೂ ಕಟ್ಟುವ ದಾರದ ಉಂಡೆಯೊಂದು ಮಾಯವಾದದ್ದುಂಟು.

ಹೀಗೆ ಬೇಡವೆಂದರೂ ಕಲಿಯಬೇಕಾದ ವಿದ್ಯೆಯು ಒಂದು ತಲೆಮಾರಿನ ಜನಕ್ಕೆ ಯಂತ್ರಜ್ಞಾನವನ್ನು ಕೊಟ್ಟಿತು. ಹಳ್ಳಿಯ ಕಮ್ಮಾರನು ಕುದುರೆಯ ಲಾಳದ ಜೊತೆಗೆ ಬಂಡಿಯ ಸ್ಪ್ರಿಂಗುಪಟ್ಟಿಯನ್ನೂ ಬಡಿಯತೊಡಗಿದನು. ರೈತರು ಹಿಂದಿನ ಗಾಲಿಯನ್ನೆತ್ತಿ, ಅದಕ್ಕೆ ಚರ್ಮದ ಪಟ್ಟಿಯನ್ನು ಸುತ್ತಿ, ಸೌದೆ ಕೊಯ್ದರು, ನೀರೆತ್ತಿದರು, ಕಾಳು ಒಕ್ಕಿದರು. ಬಂಡಿಯು ಹೀಗೆ ಅವರ ಕೈಯಲ್ಲಿ ಕಾರ್ಖಾನೆಯವರು ನೆನೆಯದಿದ್ದ ಹತ್ತು ಕೆಲಸಗಳನ್ನು ಮಾಡಿತು. ಆಮೇಲೆ ಬಂಡಿಗಳು ಉತ್ತಮವಾದುವು, ಕೆಡುವುದು ಕಡಮೆಯಾಯಿತು, ಕೆಟ್ಟರೆ ಒಡೆಯನು ಗರಾಜಿಗೆ ಹೇಳಿಕಳುಹಿಸಿ ಸುಮ್ಮನಿದ್ದನು. ಇದನ್ನು ನಾವು ದೂರುವುದಿಲ್ಲ. ಮಣಿಕಟ್ಟು ಮುರಿದುಕೊಳ್ಳುವುದರಲ್ಲಿ ಪುರುಷಾರ್ಥವೇನೂ ಇಲ್ಲ. ಆದರೆ ಆ ಸೌಕರ್ಯದೊಡನೆ ಒಂದು ವಿದ್ಯೆಯು ಮನೆಯಿಂದ ಹೊರಗೆ ಹೋಯಿತೆಂಬುದೂ ನಿಜ.

೧೯೨೭ರ ಅನಂತರ ಟಿ ಬಂಡಿಯನ್ನು ಕೇಳುವವರು ಕಡಮೆಯಾದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕಾದಲ್ಲಿ ಹಳೆಯ ಕಬ್ಬಿಣವನ್ನು ಶೇಖರಿಸಿದಾಗ ಇಂಥ ಬಂಡಿಗಳು ಎಷ್ಟೋ ಕರಗಿಹೋದುವು. ಉಳಿದವನ್ನು ಉಳಿಸಿದವರು ಹವ್ಯಾಸಿಗಳು. ಈ ಹವ್ಯಾಸಕ್ಕೆ ಇಂಗ್ಲೆಂಡಿನಲ್ಲಿ ಆಗಲೇ ಒಂದು ದಾರಿ ಬಿದ್ದಿತ್ತು. ಆ ದೇಶದಲ್ಲಿ ಯಂತ್ರದ ಬಂಡಿಗಳು ಹಳ್ಳಿಯ ರಸ್ತೆಗಳಲ್ಲಿ ಗಂಟೆಗೆ ೪ ಮೈಲಿಗಿಂತ ವೇಗವಾಗಿ ಹೋಗಕೂಡದೆಂಬ ಕಟ್ಟಳೆಯಿದ್ದಿತು. ಅದನ್ನು ಸಡಿಲಿಸಿ ೧೪ ಮೈಲಿಗೆ ಏರಿಸಿದ ಸಂತೋಷಕ್ಕಾಗಿ ೧೮೯೬ನೆಯ ನವೆಂಬರ್ ೧೪ರಂದು ಮೋಟಾರು ಬಂಡಿಯವರು ಲಂಡನ್ನಿನಿಂದ ಬ್ರೈಟನ್ನಿಗೆ ಮೆರವಣಿಗೆ ಹೋದರು. ಆ ಯಾತ್ರೆಯನ್ನು ನೆನೆದು ಹಳೆಯ ಬಂಡಿಗಳನ್ನೇ ಕೂಡಿಸಿ ಮತ್ತೆ ನಡಸಿದ್ದು ೧೯೨೭ರಲ್ಲಿ, ಎಂದರೆ ಟಿ ಬಂಡಿಯ ನಿರ್ಮಾಣವು ನಿಂತ ವರ್ಷದಲ್ಲಿಯೇ. ಯುದ್ಧಕಾಲವೇ ಮೊದಲಾದ ಕೆಲವು ವರ್ಷಗಳನ್ನು ಬಿಟ್ಟರೆ ಆ ಯಾತ್ರೆಯು ಅಂದಿನಿಂದ ನಡೆದುಬಂದಿದೆ. ೧೯೩೦ರಲ್ಲಿ ಅಲ್ಲಿ ಹಳೆಯ ಬಂಡಿಗಳವರ ಸಂಘವು ಹುಟ್ಟಿತು. ೧೯೩೫ರಲ್ಲಿ ಅಮೆರಿಕಾದ ಫಿಲಡೆಲ್ಫಿಯಾದಲ್ಲಿ ಇನ್ನೊಂದು. ಟಿ ಬಂಡಿಗಾಗಿಯೇ ಮೀಸಲಾದ ಸಂಘಗಳು ೧೯೫೨ರಲ್ಲಿಯೂ ೧೯೬೫ರಲ್ಲಿಯೂ ಏರ್ಪಟ್ಟುವು. ನಮ್ಮ ದೇಶದಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯವರು ದೆಹಲಿಯಲ್ಲಿ ಹಳೆಯ ಬಂಡಿಗಳ ಮೆರವಣಿಗೆಯನ್ನು ಆರಂಭಿಸಿದ್ದು ೧೯೬೪ರಲ್ಲಿ. ಒಂದೂವರೆ ಕೋಟಿ ಬಂಡಿಗಳು ಒಂದೇ ಅಳತೆಯಲ್ಲಿ ಹುಟ್ಟಿದ್ದುದರಿಂದ ಹವ್ಯಾಸಿಗಳಿಗೆ ಒಂದು ಮಹೋಪಕಾರವಾಯಿತು: ಇದಕ್ಕೆ ಬೇಕಾದ ಬಿಡಿಭಾಗಗಳನ್ನು ಹೊಸದಾಗಿ ಮಾಡಿ ಮಾರುವವರು ಅಮೆರಿಕಾದಲ್ಲಿ ಇಂದಿಗೂ ಇದ್ದಾರೆ. ಇದಕ್ಕಿಂತ ಐವತ್ತು ವರ್ಷ ಈಚಿನ ಎಷ್ಟೋ ಬಂಡಿಗಳಿಗೆ ಈ ಭಾಗ್ಯವಿಲ್ಲ.

ಇನ್ನು ನಮ್ಮ ಬಂಡಿಯ ವಿಷಯ. ಅದು ನಮ್ಮ ಕೈಸೇರಿದಾಗ ಅದರ ಜಾತಕವನ್ನು ಹೇಳುವ ಕಾಗದವೊಂದೂ ಜೊತೆಯಲ್ಲಿರಲಿಲ್ಲ. ಚಕ್ರವು ಬಲಗಡೆಗಿತ್ತು. ಮೈಯ ತಗಡನ್ನು ಬಿಚ್ಚಿ ಒಳಗಿನ ಮರದ ಚೌಕಟ್ಟನ್ನು ನೋಡಿದಾಗ ಕೆಲವು ತಿರುಪುಮೊಳೆಗಳ ತಲೆಯಲ್ಲಿ ಸೀಳಿಗೆ ಬದಲಾಗಿ ಚೌಕವಾದ ಗುಳಿ ಕಂಡಿತು. ಯಾರೋ ಕೆಟ್ಟ ಮೊಳೆ ಹೊಡೆದಿದ್ದಾರೆಂದು ಮೊದಲು ಬಗೆದೆವು. ವಿಚಾರಿಸಿದ ಮೇಲೆ ತಿಳಿಯಿತು: ಇದು ಕೆನಡಾ ದೇಶದ ರಾಬರ್ಟ್‌ಸನ್ ಎಂಬವನು ಕಲ್ಪಿಸಿ ೧೯೦೯ರಲ್ಲಿ ಪೇಟೆಂಟು ಪಡೆದ ಮೊಳೆ, ಕೆನಡಾದ ಫೋರ್ಡ್ ಕಾರ್ಖಾನೆಯವರು ಇದನ್ನು ಧಾರಾಳವಾಗಿ ಬಳಸುತ್ತಿದ್ದರು. ಬ್ರಿಟಿಷ್ ಸಾಮ್ರಾಜ್ಯದ ದೇಶಗಳಿಗೆ, ಇಂಡಿಯಾಕ್ಕೂ ಕೂಡ, ಬಲಗಡೆಯ ಚಕ್ರದ ಬಂಡಿಗಳನ್ನು ಕಳುಹಿಸುತ್ತಿದ್ದವರು ಆ ಕೆನಡಾದ ಕಂಪೆನಿಯವರೇ. ೧೯೨೬ರಲ್ಲಿ ಇಂಡಿಯಾದಲ್ಲಿ ಫೋರ್ಡ್ ಕಂಪೆನಿಯನ್ನು ಸ್ಥಾಪಿಸಿದವರೂ ಅವರೇ. ಕಾಗದವು ಹೇಳದೆ ಬಿಟ್ಟದ್ದನ್ನು ಮೊಳೆಯು ಹೇಳಿತು. ಶಾಸನವನ್ನು ಓದುವವನಿಗೆ ಒಂದು ಅಕ್ಷರದ ತಲೆಕಟ್ಟಿನಿಂದ ಶತಮಾನವು ಗೊತ್ತಾಗುವಂತೆ ಇದೂ ಒಂದು.

ಗಾಲಿಗಳಲ್ಲಿಯೂ ಒಂದು ಬರಹವಿತ್ತು. ಈ ಬಂಡಿಯ ಗಾಲಿಗೆ ಮರದ ಅರೆಗಳು. ಹಿಕರಿಯೆಂಬ ಅಮೆರಿಕಾದ ಮರದವು. ನಮ್ಮ ಹಿಂದಿನ ಎಡಗಾಲಿಯಲ್ಲಿ ಎರಡು ಅರೆಗಳು ಮಾತ್ರ ಬೇರೆ ಬಣ್ಣ, ಬೇರೆ ತೂಕ. ನೋಡಿದ ಬಡಗಿಯು ಅದು ಜಾಲಿಯೆಂದು ಉಗುರಿನಿಂದ ಕೆರೆದು ಹೇಳಿಬಿಟ್ಟನು. ಎಂದೋ ಒಂದು ಕಾಲದಲ್ಲಿ ಅರೆಗಳು ಮುರಿದು, ಎತ್ತಿನ ಬಂಡಿಯ ಗಾಲಿ ಮಾಡುವ ಯಾರೋ ಒಬ್ಬನು ತನಗೆ ತಿಳಿದ ಮರದಿಂದ, ತನಗೆ ತಿಳಿದ ಹದದಲ್ಲಿ ಅವನ್ನು ಕೂರಿಸಿದ್ದಾನೆ. ಆ ಸೇರುವೆಯಲ್ಲಿ ಕೂದಲು ತೂರುವಷ್ಟೂ ಸಂದಿಲ್ಲ.

ಇಲ್ಲಿಂದ ನಮ್ಮ ಕಷ್ಟವು ಆರಂಭವಾಯಿತು. ಬಂಡಿಯನ್ನು ಹೊಸದರಂತೆ ಮಾಡಿ ನಿಲ್ಲಿಸಬೇಕೆಂದು ನಾವು ಮೊದಲು ಹೊರಟದ್ದು. ಬಣ್ಣವನ್ನು ಕೆರೆದು ಕನ್ನಡಿಯಂತೆ ಹೊಳೆಯುವ ಕಪ್ಪು ಹಚ್ಚುವುದು, ಹಳೆಯ ಮೊಳೆಗಳನ್ನೆಲ್ಲ ಕಿತ್ತು ಹೊಸದನ್ನು ಹೊಡೆಯುವುದು, ಗಾಲಿಗಳನ್ನು ಅಮೆರಿಕಾದಿಂದ ತರಿಸುವುದು. ಇದೇ ಜೀರ್ಣೋದ್ಧಾರವೆಂದು ನಾವು ತಿಳಿದಿದ್ದೆವು. ನಮ್ಮ ನಾಡಿನಲ್ಲಿ ಜೀರ್ಣೋದ್ಧಾರವೆಂಬ ಪುಣ್ಯಕಾರ್ಯದ ಹೆಸರಿನಲ್ಲಿ ಶಾಸನದ ಕಲ್ಲು ನೆಲಗಟ್ಟಿಗೆ ಹೋದದ್ದನ್ನೂ, ಕೆತ್ತನೆಯ ಕಂಬಕ್ಕೆ ಸುಣ್ಣ ಬಳಿದದ್ದನ್ನೂ ಕಂಡು ಮರುಗಿದ ನಾವೇ ಇದಕ್ಕೆ ಕೈಹಾಕಿದ್ದೆವೆಂಬುದು ನಮಗೆ ಆಮೇಲೆ ಹೊಳೆಯಿತು. ಈ ವಿಷಯವನ್ನು ಬಂಡಿಗಳ ಲೋಕದಲ್ಲಿಯೂ ಬಲ್ಲವರು ಚರ್ಚಿಸಿದ್ದಾರೆ. ಪುರಾತನ ಕಟ್ಟಡಗಳ ರಕ್ಷಣೆಯ ವಿಷಯದಲ್ಲಿ ೧೯೬೪ರಲ್ಲಿ ವೆನಿಸ್ ನಗರದಲ್ಲಿ ತಜ್ಞರು ಒಂದು ಸನ್ನದನ್ನು ಸಿದ್ಧಪಡಿಸಿದರು. ಕಾಲಾನುಕಾಲಕ್ಕೆ ಕಟ್ಟಡದಲ್ಲಿ ಸೇರಿದ ಯೋಗ್ಯವಾದ ಭಾಗಗಳನ್ನು ಗೌರವಿಸಬೇಕು, ಹೊಸದಾಗಿ ಸೇರಿಸಿದ್ದು ಹೊಸದೆಂದು ಗುರುತು ಸಿಕ್ಕುವಂತಿರಬೇಕು ಎಂಬುದು ಅದರ ತಾತ್ಪರ್ಯಗಳಲ್ಲಿ ಸೇರಿದೆ. ಹಳೆಯ ಬಂಡಿಗಳ ಅಂತರರಾಷ್ಟ್ರೀಯ ಒಕ್ಕೂಟದವರು ಅದನ್ನೇ ಮೇಲ್ಪಂಕ್ತಿಯಾಗಿಟ್ಟುಕೊಂಡು ತಮ್ಮದೊಂದು ಸನ್ನದನ್ನು ರಚಿಸಿದರು. ೨೦೧೩ರಲ್ಲಿ ಇಟಲಿಯ ತುರಿನ್ ನಗರದಲ್ಲಿ ಅದು ಸ್ಥಿರವಾಯಿತು. ಕಟ್ಟಡಕ್ಕೆ ಸಲ್ಲುವ ಮರ್ಯಾದೆ ಬಂಡಿಗೂ ಸಲ್ಲಬೇಕೆಂದು ಅದರ ಅಭಿಪ್ರಾಯ.

ಇದನ್ನು ಓದಿದ ಮೇಲೆ ನಾವು ಬಣ್ಣದ ಡಬ್ಬಿಯನ್ನು ಮುಚ್ಚಿಟ್ಟೆವು. ಜಾಲಿಯ ಅರೆಗಳನ್ನು ತೆಗೆಯಕೂಡದೆಂದು ಗೊತ್ತುಮಾಡಿದೆವು. ಹೊಸ ಮತವನ್ನು ಹಿಡಿದವನಿಗೆ ಇರುವ ಆವೇಶವು ನಮಗೂ ಬಂದು, ಬಂಡಿಯಲ್ಲಿರುವ ಹಳೆಯದೊಂದನ್ನೂ ಮುಟ್ಟುವುದಿಲ್ಲವೆಂದು ಮೇಸ್ತ್ರಿಯವರಿಗೆ ಹೇಳಿದೆವು. ಮೇಸ್ತ್ರಿಯವರಿಗೆ ಆಗ ವಯಸ್ಸು ಎಪ್ಪತ್ತು ದಾಟಿತ್ತು. ಅವರು ನಕ್ಕು, "ಹಿಂದಿನ ಅಚ್ಚು ಒಂದ್ಸಲ ಬಿಚ್ಚಿ ನೋಡೋಣ ಸ್ವಾಮಿ, ಆಮೇಲೆ ಹೇಳಿ" ಎಂದರು. ಅದಕ್ಕೆ ಹಿಂದಿನ ಭಾನುವಾರ ನಾವು ಮನೆಯ ನಾಲ್ವರನ್ನು ಕೂರಿಸಿಕೊಂಡು ಚಾಮುಂಡಿಬೆಟ್ಟಕ್ಕೆ ಹೋಗಿಬಂದಿದ್ದೆವು. ಬಂಡಿಯು ಸ್ವಲ್ಪವೂ ತೊಂದರೆ ಕೊಟ್ಟಿರಲಿಲ್ಲ. ಬಿಚ್ಚುವ ಅಗತ್ಯವೇನೆಂದು ನಮ್ಮ ವಾದ.

ಅಚ್ಚಿನ ಕವಚವನ್ನು ಬಿಚ್ಚಿದೆವು. ಅಲ್ಲಿ ಹಲ್ಲಿನ ದೊಡ್ಡ ಚಕ್ರದ ಎರಡು ಮಗ್ಗುಲಿಗೂ ಅದನ್ನು ಅತ್ತಿತ್ತ ಸರಿಯಗೊಡದೆ ತಡೆಹಿಡಿಯುವ ವಾಷರುಗಳಿರುತ್ತವೆ. ಕಾರ್ಖಾನೆಯವರು ಅವನ್ನು ಮಾಡುತ್ತಿದ್ದದ್ದು ಬಿಳಿಯ ಲೋಹದಿಂದ. ತವರಕ್ಕೆ ಆಂಟಿಮೊನಿ, ತಾಮ್ರಗಳನ್ನು ಸೇರಿಸಿದ, ೧೮೩೯ರಲ್ಲಿ ಐಸಾಕ್ ಬಾಬಿಟ್ ಎಂಬವನು ಕಂಡುಹಿಡಿದ ಜಾತಿಯ ಮೃದುಲೋಹ. ತಿರುಗುವ ದಂಡಗಳಿಗೆ ಇದು ಬಹು ಒಳ್ಳೆಯ ಹಾಸು. ಆದರೆ ಈ ಸ್ಥಾನದಲ್ಲಿ, ವರ್ಷಗಳು ಕಳೆದ ಮೇಲೆ, ಇದು ಬಿರಿದು ಪುಡಿಯಾಗುತ್ತದೆ. ಮೇಸ್ತ್ರಿಯವರು ಹಳೆಯ ಎಣ್ಣೆಯಲ್ಲಿ ಬೆರಳಾಡಿಸಿ ಅಂಗೈಯಲ್ಲಿ ಎತ್ತಿ ತೋರಿಸಿದ್ದು ವಾಷರಾಗಿರಲಿಲ್ಲ. ಹುರಿಗಡಲೆಯ ನುಚ್ಚಿನಂಥ ಬೂದುಬಣ್ಣದ ಚೂರುಗಳು. ಎಡಗಡೆಯದರಲ್ಲಿ ಅರ್ಧ ಬಿಲ್ಲೆ ಮಾತ್ರ ಇನ್ನೂ ತನ್ನ ಸ್ಥಾನದಲ್ಲಿ ಕಚ್ಚಿಕೊಂಡಿತ್ತು.

ಇದರ ಅರ್ಥವನ್ನು ಬಂಡಿಯನ್ನು ಬಲ್ಲದವರಿಗೆ ಬಿಡಿಸಿ ಹೇಳಬೇಕು. ಈ ಬಂಡಿಯ ಬ್ರೇಕಿನ ಪೆಡಲು ಹಿಡಿಯುವುದು ಗಾಲಿಗಳನ್ನಲ್ಲ, ಗೇರುಪೆಟ್ಟಿಗೆಯೊಳಗಿನ ಡೋಲನ್ನು ಎಂದು ಮೊದಲೇ ಹೇಳಿದೆವು. ಆ ಹಿಡಿತವು ಗಾಲಿಗೆ ಮುಟ್ಟಬೇಕಾದರೆ ನಡುವಣ ದಂಡವೂ ಅಚ್ಚಿನೊಳಗಿನ ಹಲ್ಲಿನ ಚಕ್ರಗಳೂ ಒಂದನ್ನೊಂದು ಕಚ್ಚಿಕೊಂಡಿರಬೇಕು. ವಾಷರು ಪುಡಿಯಾದರೆ ದೊಡ್ಡ ಚಕ್ರವು ಮಗ್ಗುಲಿಗೆ ಸರಿದು ಕಚ್ಚನ್ನು ಬಿಡುತ್ತದೆ. ಆಗ ಪೆಡಲನ್ನು ಎಷ್ಟು ತುಳಿದರೂ ಡೋಲು ನಿಲ್ಲುತ್ತದೆ, ಯಂತ್ರ ನಿಲ್ಲುತ್ತದೆ, ಬಂಡಿ ಮಾತ್ರ ನಿಲ್ಲುವುದಿಲ್ಲ. ಉಳಿಯುವುದು ಹಿಂದಿನ ಗಾಲಿಗಳನ್ನು ಹಿಡಿಯುವ ಕೈಬ್ರೇಕೊಂದು; ಅದು ನಿಂತ ಬಂಡಿಯನ್ನು ನಿಂತಿರುವಂತೆ ಮಾಡಲು ತಕ್ಕದ್ದು, ಇಳಿಯುತ್ತಿರುವ ಬಂಡಿಗೆ ಅದನ್ನು ನಂಬುವಂತಿಲ್ಲ. ಎಂಟು ದಿನಗಳ ಹಿಂದೆ ನಾವು ಬೆಟ್ಟದ ತಿರುವುಗಳನ್ನು ಹಾಡಿಕೊಂಡು ಇಳಿದದ್ದು ಈ ಅರ್ಧ ಬಿಲ್ಲೆಯ ದಯೆಯಿಂದ. ಆ ಸಂಜೆ ನಾವು ಮನೆಯಲ್ಲಿ ಈ ಮಾತನ್ನು ಎತ್ತಲಿಲ್ಲ.

ಹವ್ಯಾಸಿಗಳು ಈ ಸ್ಥಾನಕ್ಕೆ ಕಂಚಿನ ವಾಷರುಗಳನ್ನು ಹಾಕುವುದು ವಾಡಿಕೆ. ಇದು ಮೂಲದಂತಲ್ಲ, ನಿಜ. ನಾವು ಆಗಲೂ ಕ್ಷಣಕಾಲ ಅನುಮಾನಿಸಿದೆವೆಂದು ಹೇಳಲು ನಾಚಿಕೆಯಾಗುತ್ತದೆ. ಮೇಸ್ತ್ರಿಯವರು ಕೈ ಒರೆಸಿಕೊಳ್ಳುತ್ತ, "ಹಳೇದು ಅಂತ ಪೂಜೆ ಮಾಡೋದಕ್ಕೆ ದೇವರ ಮನೆ ಇದೆಯಲ್ಲ ಸ್ವಾಮಿ. ಇದು ರಸ್ತೆಗೆ ಹೋಗೋ ಸಾಮಾನು, ಮಕ್ಕಳು ಕೂತ್ಕೋತಾರೆ" ಎಂದರು. ಸನ್ನದುಗಳಲ್ಲಿ ಈ ವಾಕ್ಯವಿಲ್ಲ. ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ನಿಂತ ಬಂಡಿಗೆ ಬಿಳಿಯ ಲೋಹದ ಚೂರುಗಳು ಹಾಗೆಯೇ ಇರಲಿ. ಅದು ಯಾರ ಪ್ರಾಣಕ್ಕೂ ಹೊಣೆಯಲ್ಲ. ಧರ್ಮಸ್ಥಳದ ವಸ್ತುಸಂಗ್ರಹಾಲಯದಲ್ಲಿ ಇಂಥ ಹಳೆಯ ಬಂಡಿಗಳ ಒಳ್ಳೆಯ ಸಂಗ್ರಹವುಂಟು. ನೋಡಿ ನಾವು ತಣಿದಿದ್ದೇವೆ. ಓಡುವ ಬಂಡಿಯ ಧರ್ಮ ಬೇರೆ. ಜಾಲಿಯ ಅರೆಯು ನೂರು ಕೆಜಿ ಹೊತ್ತು ನಿಲ್ಲುತ್ತದೆಯೋ ಇಲ್ಲವೋ ಎಂಬುದನ್ನು ಮೊದಲು ಕೇಳಬೇಕು, ಅದರ ಚರಿತ್ರೆಯನ್ನು ಆಮೇಲೆ. ನಮ್ಮ ಅರೆಗಳು ಆ ಪರೀಕ್ಷೆಯಲ್ಲಿ ಗೆದ್ದುವು, ಉಳಿದುವು. ವಾಷರುಗಳು ಸೋತುವು, ಹೋದುವು. ಕಿಡಿ ಕೊಡುವ ನಾಲ್ಕು ಕಾಯಿಲುಗಳ ಮರದ ಪೆಟ್ಟಿಗೆಗಳನ್ನು ಬಿಡಿಸಿ, ಒಳಗೆ ಕಾಗದವೂ ತಗಡೂ ಸುತ್ತಿದ್ದ ಭಾಗವು ಕೆಟ್ಟಿದ್ದುದರಿಂದ ಅದನ್ನು ಮಾತ್ರ ಹೊಸದಾಗಿ ಹಾಕಿಸಿ, ಹೊರಗಣ ಪೆಟ್ಟಿಗೆಯನ್ನು ಇದ್ದಂತೆಯೇ ಮುಚ್ಚಿದೆವು. ಇದು ಮೂಲವೋ ಅಲ್ಲವೋ ಎಂಬುದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಬಂಡಿಯು ಮಾತ್ರ ಎರಡನೆಯ ಹ್ಯಾಂಡಲಿಗೆ ಏಳುತ್ತದೆ.

ಬಿಳಿಯ ಲೋಹವನ್ನು ನಾವು ಬಂಡಿಯಿಂದ ಪೂರ್ತಿಯಾಗಿ ಹೊರಗೆ ಹಾಕಿದೆವೆಂದು ತಿಳಿಯಬಾರದು. ಯಂತ್ರದ ಮುಖ್ಯ ದಂಡವು ಇಂದಿಗೂ ಅದರ ಹಾಸಿನ ಮೇಲೆಯೇ ತಿರುಗುತ್ತದೆ. ಅದನ್ನು ಎರಕ ಹೊಯ್ಯುವುದನ್ನು ನೋಡುವ ಭಾಗ್ಯ ನಮ್ಮದಾಯಿತು. ಲೋಹವು ಕುಲುಮೆಯಲ್ಲಿ ಕರಗಿದ ಮೇಲೆ ಮೇಸ್ತ್ರಿಯವರು ಮಾಪಕವೊಂದನ್ನೂ ನೋಡದೆ ಒಣಕಡ್ಡಿಯನ್ನು ಅದ್ದಿ ತೆಗೆದರು. ಕಡ್ಡಿ ಕಂದುಬಣ್ಣಕ್ಕೆ ತಿರುಗಬೇಕು, ಹೊತ್ತಿಕೊಳ್ಳಬಾರದು; ಅದು ಹದ. ಅಚ್ಚಿನ ಉಕ್ಕಿನ ಕೋಲಿಗೆ ಲೋಹವು ಅಂಟದಿರಲೆಂದು ದೀಪದ ಹೊಗೆಯ ಕಾಡಿಗೆಯನ್ನು ಹಿಡಿಸಿದರು. ಒಂದೇ ಧಾರೆಯಲ್ಲಿ, ನಡುವೆ ಕೈ ತಡೆಯದೆ, ಹೊಯ್ದರು. ತಣಿದ ಮೇಲೆ ದಂಡಕ್ಕೆ ನೀಲಿಯನ್ನು ಸವರಿ ತಿರುಗಿಸಿ, ನೀಲಿ ಹತ್ತಿದ ಉಬ್ಬುಗಳನ್ನು ಕೆರೆಯುವ ಉಳಿಯಿಂದ ಕೆರೆದರು. ಮತ್ತೆ ಸವರಿದರು, ಮತ್ತೆ ಕೆರೆದರು. ಮೂರು ದಿನ ಹಿಡಿಯಿತು. ನಾವು ಒಂದು ಬಿಲ್ಲೆಯನ್ನು ಕೆರೆಯಲು ಹೋಗಿ ಕೆಡಿಸಿದೆವು. ಅದನ್ನು ಮತ್ತೆ ಹೊಯ್ಯಬೇಕಾಯಿತು. ಈ ಕೈಕೆಲಸವನ್ನು ಅವರಿಂದ ಕಲಿತವರು ಯಾರೆಂದು ಕೇಳಿದಾಗ, ಮಗನು ಈಗಿನ ಬಂಡಿಗಳ ಕೆಲಸದಲ್ಲಿದ್ದಾನೆ, ಕಂಪ್ಯೂಟರು ಹಚ್ಚಿ ನೋಡುತ್ತಾನೆ ಎಂದು ಹೆಮ್ಮೆಯಿಂದಲೇ ಹೇಳಿದರು. ಬಿಡಿಭಾಗಗಳನ್ನು ಸಮುದ್ರದಾಚೆಯಿಂದ ತರಿಸಬಹುದು. ಕಡ್ಡಿಯ ಬಣ್ಣವನ್ನು ಕಂಡು ಹದವನ್ನು ಹೇಳುವ ಕಣ್ಣನ್ನು ತರಿಸುವುದು ಹೇಗೆ? ಇದೇ ಕಾರಣದಿಂದ ನಾವು ಮರುವರ್ಷ ಬೇರೆಯವರ ಯಂತ್ರವೊಂದಕ್ಕೆ ಅವರು ಎರಕ ಹೊಯ್ಯುವಾಗ ಇಬ್ಬರು ಹುಡುಗರನ್ನು ಜೊತೆಯಲ್ಲಿ ಕರೆದುಕೊಂಡು ಹೋಗಿ ಕೂರಿಸಿದೆವು. ಒಬ್ಬನು ಮಧ್ಯಾಹ್ನಕ್ಕೆ ಎದ್ದುಹೋದನು. ಇನ್ನೊಬ್ಬನು ಸಂಜೆಯವರೆಗೂ ಇದ್ದು ಕಡ್ಡಿಯನ್ನು ತಾನೇ ಅದ್ದಿದನು.

ಸರ್ಕಾರದವರ ವಿಷಯವನ್ನೂ ಒಂದು ಮಾತು ಹೇಳಬೇಕು. ೨೦೨೧ರಲ್ಲಿ ಕೇಂದ್ರ ಸರ್ಕಾರದವರು ೫೦ ವರ್ಷ ಮೀರಿದ ಬಂಡಿಗಳಿಗೆ ಪ್ರತ್ಯೇಕವಾದ ನೋಂದಣಿಯ ನಿಯಮಗಳನ್ನು ಹೊರಡಿಸಿದರು. ಹೊಸದಾಗಿ ನೋಂದಾಯಿಸಲು ೨೦,೦೦೦ ರೂಪಾಯಿ, ಹತ್ತು ವರ್ಷಗಳ ಮೇಲೆ ಪುನಃ ನೋಂದಾಯಿಸಲು ೫,೦೦೦ ರೂಪಾಯಿ ಶುಲ್ಕವನ್ನು ಗೊತ್ತುಮಾಡಿದರು. ಬಂಡಿಯು ಮೂಲಸ್ವರೂಪದಲ್ಲಿರಬೇಕು, ಅದರ ಮೈಯಲ್ಲಾಗಲಿ ಯಂತ್ರದಲ್ಲಾಗಲಿ ಗಣನೀಯವಾದ ಮಾರ್ಪಾಟು ಆಗಿರಬಾರದು, ಅದನ್ನು ನಿತ್ಯದ ಓಡಾಟಕ್ಕೆ ಬಳಸಬಾರದು ಎಂಬುದು ಕಟ್ಟಳೆ. ಹಳೆಯ ಬಂಡಿಯೆಂಬ ಪದಾರ್ಥವನ್ನು ಸರ್ಕಾರವು ಗುಜರಿಯಿಂದ ಬೇರ್ಪಡಿಸಿ ನೋಡಿದ್ದು ದೊಡ್ಡ ಉಪಕಾರವೇ ಸರಿ. ಎರಡು ಕಂಚಿನ ವಾಷರುಗಳು ಗಣನೀಯವಾದ ಮಾರ್ಪಾಟಾಗಲಾರವೆಂದು ನಾವು ನಂಬಿದ್ದೇವೆ. ಅವು ಕಣ್ಣಿಗೆ ಕಾಣುವ ಜಾಗದಲ್ಲಿಯೂ ಇಲ್ಲ.

ಆದರೂ ಮರೆಮಾಡಿದಂತಾಗಬಾರದೆಂದು ಒಂದು ಕೆಲಸ ಮಾಡಿದೆವು. ಅಚ್ಚಿನಿಂದ ಸೋಸಿ ತೆಗೆದ ಬಿಳಿಯ ಲೋಹದ ಚೂರುಗಳನ್ನೂ ಆ ಅರ್ಧ ಬಿಲ್ಲೆಯನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಗಾಜಿನ ಕುಪ್ಪಿಯೊಂದರಲ್ಲಿ ತುಂಬಿ, ಹಿಂದಿನ ಆಸನದ ಕೆಳಗಣ ಪೆಟ್ಟಿಗೆಯಲ್ಲಿಟ್ಟಿದ್ದೇವೆ. ಜೊತೆಗೆ ಒಂದು ದಪ್ಪ ರಟ್ಟಿನ ಪುಸ್ತಕ. ತೆಗೆದದ್ದು ಯಾವುದು, ಹಾಕಿದ್ದು ಯಾವುದು, ಯಾವ ದಿನ, ಏಕೆ, ಯಾರ ಕೈಯಿಂದ ಎಂಬುದು ಅದರಲ್ಲಿದೆ. ಚೌಕ ಗುಳಿಯ ಮೊಳೆಗಳು ಉಳಿದಿರುವುದು ಹದಿನೇಳು. ಅವು ಎಲ್ಲೆಲ್ಲಿವೆಯೆಂಬ ನಕ್ಷೆಯೂ ಇದೆ. ಜಾಲಿಯ ಅರೆಗಳನ್ನು ಕೂರಿಸಿದವನ ಹೆಸರಿಗೆಂದು ಒಂದು ಸಾಲನ್ನು ಖಾಲಿ ಬಿಟ್ಟಿದ್ದೇವೆ. ಎರಕದ ಪುಟದಲ್ಲಿ ಮೇಸ್ತ್ರಿಯವರು ತಮ್ಮ ರುಜುವನ್ನು ಹಾಕಿದ್ದಾರೆ. ಅದರ ಕೆಳಗೆ, ಕಡ್ಡಿ ಅದ್ದಿದ ಹುಡುಗನು ತನ್ನದನ್ನೂ ಹಾಕಬಹುದೇ ಎಂದು ಕೇಳಿ, ಪೆನ್ನು ಇಸಿದುಕೊಂಡು ಬರೆದನು.